ಪಾಪಮ್ಮನ ಕ್ಯಾಂಟೀನಿನ ಬೆನ್ನಿಗಿದ್ದ ಒಣಮರ

ಮರ ಇಳಿಸೋ ಕೆಲಸ ಕಲೀಬೇಕು ಅಂತ ಯಾರೇ ಬರ್ಲಿ, ನಾನು ಕೇಳೋ ಮೊದಲನೇ ಪ್ರಶ್ನೆ ಒಂದೇ. 'ಹಿಂದಕ್ಕೆ ನಡೆಯೋಕೆ ಬರುತ್ತೇನಪ್ಪಾ?'

ನಗ್ತಾರೆ. ಮೊನ್ನೆ ಶಂಕರಘಟ್ಟದ ಕಡೆಯಿಂದ ಇಬ್ಬರು ಬಂದಿದ್ರು, ಹೊಸ ಚೈನ್ ಸಾ ತಗೊಂಡು, ಡಬ್ಬ ಕೂಡ ಬಿಚ್ಚದೆ. ಅವರೂ ನಕ್ಕರು. ಸರಿ, ನಮ್ಮ ಹಿತ್ತಿಲಲ್ಲಿ ನಿಲ್ಲಿಸಿ, ಕಣ್ಣು ಮೇಲಿಟ್ಟು, ಓರೆಯಾಗಿ ಹಿಂದಕ್ಕೆ ಹದಿನೈದು ಹೆಜ್ಜೆ ಹಾಕಿ ಅಂದೆ. ಒಬ್ಬ ನಮ್ಮ ಮನೆಯವಳು ಲಲಿತ ಒಣಗೋಕೆ ಹಾಕಿದ್ದ ಹಪ್ಪಳದ ಮೇಲೆ ಕಾಲಿಟ್ಟ. ಇನ್ನೊಬ್ಬ ಬಟ್ಟೆ ಒಗೆಯೋ ಕಲ್ಲಿಗೆ ಎಡವಿ ಕೂತೇಬಿಟ್ಟ. 'ನೋಡಿದ್ರಾ, ಮರ ಇನ್ನೂ ಬಿದ್ದಿಲ್ಲ, ನೀವಾಗ್ಲೇ ಬಿದ್ರಿ' ಅಂದೆ. ಒಳಗಿಂದ ಲಲಿತ, 'ಮರ ಕಡಿಯೋದು ಕಲಿಸ್ರೀ, ಹಪ್ಪಳ ಮುರಿಯೋದಲ್ಲ' ಅಂತ ಕೂಗಿದ್ಲು.

ನನ್ನ ಹೆಸರು ರಂಗಪ್ಪ. ಮಾಚೇನಹಳ್ಳಿ ವರ್ಕ್‌ಶಾಪ್ ಸಾಲಿನ ಹಿಂದೆ ಶೆಡ್ ಹಾಕ್ಕೊಂಡಿದ್ದ ಜಯಣ್ಣ ಅನ್ನೋ ಕಂಟ್ರಾಕ್ಟರ್ ಹತ್ರ ಕೈಕಾಲು ಗಟ್ಟಿ ಇರೋ ತನಕ ದುಡಿದೆ. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ, ಕಾಂಪೌಂಡಿನೊಳಗೆ, ರಸ್ತೆ ಬದಿಯಲ್ಲಿ, ಮೈದಾನದ ಮೂಲೆಯಲ್ಲಿ ಸತ್ತು ನಿಂತಿರೋ ಮರಗಳನ್ನ ಇಳಿಸೋದು ನನ್ನ ಕೆಲಸ. ಹಸಿ ಮರ ಮುಟ್ಟಿದ್ದು ಕಮ್ಮಿ. ಜನ ಏನಂದ್ಕೊಳ್ತಾರೆ ಅಂದ್ರೆ, ಸತ್ತ ಮರ ತಾನೇ, ಎರಡೇಟಿಗೆ ಬೀಳುತ್ತೆ ಅಂತ. ಅಯ್ಯೋ ಮಾರಾಯ, ಹಸಿ ಮರ ಹೇಳಿದ ಮಾತು ಕೇಳುತ್ತೆ. ಒಣಮರಕ್ಕೆ ಕಿವೀನೇ ಇಲ್ಲ.

ಇಲ್ಲಿ ನಾನು ಹೇಳ್ಬೇಕು ಅಂತ ಕೂತಿರೋದು ಪಾಪಮ್ಮನ ಕ್ಯಾಂಟೀನ್ ಉಳೀತೋ ಇಲ್ವೋ ಅನ್ನೋ ಒಂದು ಕಥೆ. ಆದ್ರೆ ಅದಕ್ಕೆ ಮುಂಚೆ ನಾನೆಂಥಾ ದಡ್ಡ ಆಗಿದ್ದೆ ಅನ್ನೋದು ನಿಮಗೆ ಗೊತ್ತಾಗ್ಬೇಕು. ಇಲ್ದಿದ್ರೆ ಕಥೆಗೆ ಉಪ್ಪಿರಲ್ಲ.

ಚೈನ್ ಸಾ ಕೈಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಅಲ್ಲಿವರೆಗೂ ಕೊಡಲಿ, ಹಗ್ಗ, ಗರಗಸ ಅಷ್ಟೇ. ಕಲಿಸಿದ್ದು ಆರ್ಮುಗಣ್ಣ. ಭದ್ರಾವತಿಯ ತಮಿಳು ಮನೆಯವರು, ಸಣ್ಣ ಆಳು, ಬಾಯ್ತುಂಬ ಎಲೆ ಅಡಿಕೆ. ಮೊದಲ ಹತ್ತು ದಿನ ನನಗೆ ಮೆಶಿನ್ ಸ್ಟಾರ್ಟ್ ಮಾಡೋಕೇ ಬಿಡ್ಲಿಲ್ಲ. ಹೊರೋದು, ಒರೆಸೋದು, ಚೈನಿನ ಹಲ್ಲಿಗೆ ಅರ ಹಾಕೋದು ಇಷ್ಟೇ. ಹನ್ನೊಂದನೇ ದಿನ ಅವರು ಟೀಗೆ ಹೋದಾಗ ನಾನೇ ದೊಡ್ಡ ಮನುಷ್ಯನ ಥರ ಟ್ಯಾಂಕ್ ತುಂಬಿಸಿ ಸ್ಟಾರ್ಟ್ ಮಾಡಿದೆ. ಏನು ಸದ್ದು, ಏನು ಗತ್ತು! ಒಂದು ದಿಮ್ಮಿ ಅರ್ಧ ಕುಯ್ಯೋಷ್ಟರಲ್ಲಿ ಕಿರ್ರ್ ಅಂತ ಕಿರುಚಿ ಕಲ್ಲಾಗಿ ಕೂತಿತು.

ಆರ್ಮುಗಣ್ಣ ಬಂದು ಟ್ಯಾಂಕ್ ಮೂಸಿ ನೋಡಿದ್ರು. 'ಏನ್ಪಾ, ಆಯಿಲ್ ಎಲ್ಲಿ?'

'ಪೆಟ್ರೋಲ್ ಹಾಕಿದೀನಲ್ಲಣ್ಣ.'

'ಬರೀ ಪೆಟ್ರೋಲಾ? ಸಾಮೀ! ಟೂ-ಟಿ ಆಯಿಲ್ ಕಲಸ್ದೆ ಹಾಕಿದ್ರೆ ಇದು ಒಣ ಗಂಟಲಲ್ಲಿ ಅವಲಕ್ಕಿ ನುಂಗಿದಂಗೆ ಆಗುತ್ತಪ್ಪಾ!'

ಜಯಣ್ಣ ಬಂದ. ನಾನು ಬೈಗುಳಕ್ಕೆ ತಲೆ ಕೊಟ್ಟು ನಿಂತಿದ್ದೆ. ಅವನು ಬೈಲಿಲ್ಲ. ಮೂಲೆಯಿಂದ ನನ್ನ ಹಳೇ ಕೊಡಲಿ ತಂದು ಕೈಗಿಟ್ಟ. 'ತಗೋ ರಂಗಪ್ಪ, ಇದಕ್ಕೆ ಆಯಿಲ್ ಬೇಡ' ಅಂದ. ಶೆಡ್ಡಿನಲ್ಲಿದ್ದೋರೆಲ್ಲ ಒಂದು ತಿಂಗಳು ನನ್ನನ್ನ ಕಂಡ್ರೆ 'ಆಯಿಲ್ ಬೇಡ' ಅಂತಲೇ ಕರೀತಿದ್ರು.

ಎರಡನೇ ತಪ್ಪು ಇನ್ನೂ ಚಂದ. ಒಂದು ಶಾಲೆ ಮೈದಾನದ ಒಣ ಸಿಲ್ವರ್ ಓಕ್. ಮರ ಇಳಿಸೋಕೆ ಬೀಳೋ ದಿಕ್ಕಿಗೆ ಮೊದಲು ಬಾಯಿ ತೆಗೀಬೇಕು, ಅಂದ್ರೆ ಕಲ್ಲಂಗಡಿ ಹೋಳು ತೆಗೆದ ಹಾಗೆ ಒಂದು ತುಂಡು. ಆಮೇಲೆ ಹಿಂದಿನಿಂದ ಕುಯ್ಕೊಂಡು ಬರೋದು. ಎರಡರ ಮಧ್ಯೆ ಒಂದು ಪಟ್ಟಿ ಕುಯ್ಯದೆ ಬಿಡ್ತೀವಿ. ಅದು ಬಾಗಿಲಿನ ಕೀಲಿದ್ದ ಹಾಗೆ, ಮರ ಅದರ ಮೇಲೆ ಬಾಗಿ ಹೇಳಿದ ಕಡೆ ಮಲಗುತ್ತೆ. ಹಸಿ ಮರಕ್ಕೆ ಕೀಲು ತೆಳ್ಳಗಿದ್ರೂ ನಡೆಯುತ್ತೆ, ನಾರು ಬಗ್ಗುತ್ತೆ. ಒಣಮರದ ಕೀಲು ಬಗ್ಗಲ್ಲ, ಪಟ್ ಅಂತ ಮುರಿಯುತ್ತೆ. ಅದಕ್ಕೇ ದಪ್ಪ ಬಿಡ್ಬೇಕು, ಅದನ್ನೂ ನಂಬಬಾರ್ದು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಅವತ್ತು ತೆಳ್ಳಗೆ ಬಿಟ್ಟೆ. ಮುರೀತು, ತಿರುಗಿತು, ಮೈದಾನ ಅಷ್ಟಗಲ ಖಾಲಿ ಇದ್ರೂ ಹುಡುಕ್ಕೊಂಡು ಹೋಗಿ ಜಯಣ್ಣನ ಮೊಪೆಡ್ ಮೇಲೆ ಮಲಗಿತು. ಅವನು ಮೂರು ದಿನ ಮಾಚೇನಹಳ್ಳಿಗೆ ಬಸ್ಸಲ್ಲೇ ಓಡಾಡಿದ. 'ಮರದ ಎರಡರಷ್ಟು ಉದ್ದ ದೂರದಲ್ಲಿ ಗಾಡಿ ನಿಲ್ಲಿಸು ಅಂತ ನಾನೇ ಹೇಳೋನು, ನಾನೇ ಕೇಳ್ಲಿಲ್ಲ' ಅಂತ ತನ್ನನ್ನೇ ಬೈಕೊಂಡ. ಒಳ್ಳೇ ಮನುಷ್ಯ.

ಆರ್ಮುಗಣ್ಣನದೊಂದು ಪದ್ಧತಿ ಇತ್ತು. ಅದನ್ನ ನಾನು ಇವತ್ತಿಗೂ ಬಿಟ್ಟಿಲ್ಲ. ಯಾವ ಮರಾನೇ ಆಗ್ಲಿ, ಮುಟ್ಟೋಕೆ ಮುಂಚೆ ಚಪ್ಪಲಿ ಬಿಟ್ಟು, ಕೊಡಲಿಯ ಬೆನ್ನಿಂದ ಸುತ್ತಲೂ ಮೆಲ್ಲಗೆ ತಟ್ಟೋರು. ತಟ್ಟುತ್ತಾ, 'ಮೇಲಿರೋರು ಇಳೀರಪ್ಪ, ಒಳಗಿರೋರು ಹೊರಗೆ ಬನ್ನಿ, ತಪ್ಪಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ' ಅನ್ನೋರು. ನಾನು ಬರೀ ಭಕ್ತಿ ಅಂದ್ಕೊಂಡಿದ್ದೆ. ಭಕ್ತಿಯೂ ಹೌದು, ಪರೀಕ್ಷೆಯೂ ಹೌದು. ಒಳಗೆ ಗಟ್ಟಿ ಇದ್ರೆ ಟಣ್ ಅನ್ನುತ್ತೆ, ಪೊಳ್ಳಾಗಿದ್ರೆ ಡಬ್ ಅನ್ನುತ್ತೆ. ಪೊಳ್ಳು ಮರಕ್ಕೆ ಕೀಲು ನಿಲ್ಲಲ್ಲ, ಹಗ್ಗ ಇಲ್ದೆ ಮುಟ್ಟಂಗಿಲ್ಲ. ಮತ್ತೆ ತಟ್ಟಿದಾಗ ಮೇಲಿಂದ ಚಿಕ್ಕ ಪುಟ್ಟ ಕೊಂಬೆ ಉದುರಿದ್ರೆ, ದೊಡ್ಡದು ಎಲ್ಲಿ ಕಾಯ್ತಾ ಕೂತಿದೆ ಅಂತಲೂ ಗೊತ್ತಾಗುತ್ತೆ. ಜೋರಾಗಿ ಹೊಡೀಬಾರ್ದು, ಅದು ನಮ್ಮ ತಲೆ ಮೇಲೇ ಬರುತ್ತೆ.

ನವುಲೆಯಲ್ಲಿ ಒಂದು ಮನೆ ಹಿಂದಿನ ಒಣ ತೆಂಗು ಹೀಗೇ ತಟ್ಟಿದಾಗ, ತೂತಿನಿಂದ ಒಂದು ಗಿಣಿ ತಲೆ ಹೊರಗೆ ಹಾಕಿ ನಮ್ಮಿಬ್ಬರನ್ನೂ ಚೆನ್ನಾಗಿ ಬೈತು. ಒಳಗೆ ಮರಿ ಇತ್ತು. ಆರ್ಮುಗಣ್ಣ ಚಪ್ಪಲಿ ಹಾಕ್ಕೊಂಡು, 'ಬಾಡಿಗೆದಾರರು ಇನ್ನೂ ಖಾಲಿ ಮಾಡಿಲ್ಲಮ್ಮ, ಮುಂದಿನ ತಿಂಗಳು ಬರ್ತೀವಿ' ಅಂತ ಮನೆಯಮ್ಮನಿಗೆ ಹೇಳಿ ಹೊರಟೇಬಿಟ್ರು. ಆಯಮ್ಮ ನಗ್ತಾ ನಮಗೆ ಕಾಫಿ ಕೊಟ್ರು. ಇಂಥಾ ದಿನಗಳಿಗಾಗೇ ಈ ಕೆಲಸ ನನಗೆ ಇಷ್ಟ.

ಈಗ ಪಾಪಮ್ಮನ ವಿಷಯ.

ಭದ್ರಾವತಿಯ ಹಳೇ ಕ್ವಾರ್ಟರ್ಸ್ ರಸ್ತೆಯಲ್ಲಿ ಪಾಪಮ್ಮನದು ತಗಡಿನ ಚಾವಣಿಯ ಸಣ್ಣ ಕ್ಯಾಂಟೀನ್. ಎರಡು ಬೆಂಚು, ಒಂದು ಒಲೆ, ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಚಿತ್ರಾನ್ನ. ಅವಳ ಗಂಡ ಮಣಿ ನನ್ನ ಹಳೇ ಸ್ನೇಹಿತ. ಮೀಸೆ ಚಿಗುರೋ ವಯಸ್ಸಲ್ಲಿ ನಾವಿಬ್ಬರೂ ಅದೇ ಕ್ವಾರ್ಟರ್ಸಿನ ತೋಟದ ಕೂಲಿಗಳು. ಗಿಡಕ್ಕೆ ನೀರು ಹಾಕು, ಮರಕ್ಕೆ ಸುಣ್ಣ ಬಳಿ, ಗೆದ್ದಲಿಗೆ ಔಷಧಿ ಹೊಡಿ, ಪೊಟರೆ ಮುಚ್ಚು, ಸಾಹೇಬ್ರು ಏನಂದ್ರೆ ಅದು. ಆಮೇಲೆ ನಾನು ಕೊಡಲಿ ಹಿಡಿದು ಹೋದೆ. ಅವನು ಅಲ್ಲೇ ಉಳಿದು, ಕಡೆಗೆ ಹೆಂಡತಿಗೆ ಆ ಕ್ಯಾಂಟೀನ್ ಹಾಕಿಕೊಟ್ಟ. ಜಾಗ ಆರಿಸಿದ್ದೂ ಅವನೇ, ಒಂದು ದೊಡ್ಡ ಮಳೆಮರದ ನೆರಳು ನೋಡಿ. ಹಾಕಿಕೊಟ್ಟು ನಾಲ್ಕು ವರ್ಷಕ್ಕೆ ಮಣಿ ಹೋಗ್ಬಿಟ್ಟ. ಅದಾಗಿ ಇನ್ನೊಂದು ನಾಲ್ಕು ವರ್ಷಕ್ಕೆ ಮರವೂ ಒಣಗಿತು.

ಮರ ಇಳಿಸೋಕೆ ಪರ್ಮಿಷನ್ ಆಯ್ತು, ಕೆಲಸ ಜಯಣ್ಣನಿಗೆ ಬಂತು. ಹಿಂದಿನ ದಿನ ನೋಡೋಕೆ ಹೋದಾಗ ಪಾಪಮ್ಮ ನನ್ನ ತಟ್ಟೆಗೆ ಕೇಳದೇನೇ ಇನ್ನೊಂದು ವಡೆ ಹಾಕಿದ್ಲು. ಆಗ್ಲೇ ನನಗೆ ಗೊತ್ತಾಯ್ತು, ಏನೋ ಇದೆ ಅಂತ.

'ರಂಗಣ್ಣ, ಶೆಡ್ ಬಿಚ್ಚಿಡು ಅಂತಿದಾರೆ. ಬಿಚ್ಚಿದ್ರೆ ಮತ್ತೆ ಕಟ್ಟೋಕೆ ಬಿಡ್ತಾರಾ? ಈಗ ರಸ್ತೆ ಬದಿ ಹೊಸ ಶೆಡ್ ಹಾಕೋಂಗಿಲ್ಲ. ಹಳೇದು ಅಂತ ಸುಮ್ನಿದಾರೆ ಅಷ್ಟೇ. ಮುರಿದ್ರೂ ಅದೇ ಕಥೆ. ಇದು ಹೋದ್ರೆ ನಾನೂ ಹೋದಂಗೆ.'

'ಏನೂ ಆಗಲ್ಲ ಪಾಪಮ್ಮ. ನಿನ್ನ ಒಂದು ಲೋಟ ಅಲ್ಲಾಡಿದ್ರೆ ನನ್ನ ಹೆಸರು ರಂಗಪ್ಪ ಅಲ್ಲ.'

ಬಾಯಿ ನನ್ನದು, ಆಡಿಬಿಟ್ಟೆ. ಮರಕ್ಕೂ ಕ್ಯಾಂಟೀನಿಗೂ ಮಧ್ಯೆ ನಾಲ್ಕು ಮಾರು ದೂರವೂ ಇರ್ಲಿಲ್ಲ.

ಮಾರನೇ ದಿನ ಆರ್ಮುಗಣ್ಣ ಇರ್ಲಿಲ್ಲ. ಶಿವಮೊಗ್ಗದಲ್ಲಿ ತಂಗಿ ಮೊಮ್ಮಗುವಿನ ಕಿವಿ ಚುಚ್ಚೋ ಶಾಸ್ತ್ರಕ್ಕೆ ಹೋಗಿದ್ರು. ಅವತ್ತು ನಾನೇ ದೊಡ್ಡೋನು. ಕರೆಂಟ್ ತೆಗೆಸಿದ್ವಿ, ರಸ್ತೆಗೆ ಎರಡು ಕಡೆ ಹಗ್ಗ ಕಟ್ಟಿದ್ವಿ, ಪಾಪಮ್ಮನ ಗ್ಯಾಸ್ ಸಿಲಿಂಡರ್ ಆಚೆ ಸಾಗಿಸಿದ್ವಿ. ಅವಳನ್ನೂ ಗಿರಾಕಿಗಳನ್ನೂ ದೂರ ನಿಲ್ಲಿಸಿದ್ವಿ. ನಾನು ಚಪ್ಪಲಿ ಬಿಟ್ಟು ತಟ್ಟಿದೆ. ಟಣ್. ಈ ಕಡೆ ಟಣ್. ಆ ಕಡೆ ಟಣ್. ಅಬ್ಬಬ್ಬಾ, ಅಂಥಾ ಗಟ್ಟಿ ಸದ್ದು ನಾನು ಜನ್ಮದಲ್ಲಿ ಕೇಳಿರ್ಲಿಲ್ಲ.

'ಕಬ್ಬಿಣ ಇದ್ದಂಗಿದೆ ಜಯಣ್ಣ. ಕೀಲು ಚೆನ್ನಾಗಿ ನಿಲ್ಲುತ್ತೆ. ಹಗ್ಗ ಬೇಡ' ಅಂದೆ.

'ಆರ್ಮುಗಂ ಇದ್ದಿದ್ರೆ ಹಗ್ಗ ಹಾಕ್ತಿದ್ರು ಕಣೋ.'

'ಅವರಿಗೆ ವಯಸ್ಸಾಯ್ತು, ಹೆದರಿಕೆ' ಅಂದೆ. ನೋಡಿ, ಕೈಯಲ್ಲಿ ಮೆಶಿನ್ ಇದ್ರೆ ನಾಲಿಗೆಗೂ ಹಲ್ಲು ಬರುತ್ತೆ.

ಕ್ಯಾಂಟೀನಿಗೆ ಎದುರು ದಿಕ್ಕಿಗೆ, ಖಾಲಿ ಜಾಗದ ಕಡೆಗೆ ಬಾಯಿ ತೆಗೆಯೋಕೆ ಶುರು ಮಾಡಿದೆ. ನಾಲ್ಕು ಬೆರಳು ಒಳಗೆ ಹೋಗಿರ್ಬೇಕು, ಮರದಿಂದ ಬೆಂಕಿ ಕಿಡಿ! ಕಿವಿ ಹರಿದು ಹೋಗೋಂಥಾ ಸದ್ದು. ಚೈನ್ ತುಂಡಾಗಿ ನನ್ನ ಕಾಲಿಗೆ ಬಡೀತು. ದಪ್ಪ ಕಾಲುಕಾಪು ಹಾಕಿದ್ದಕ್ಕೆ ಬಚಾವು, ಇಲ್ದಿದ್ರೆ ಇವತ್ತು ಹಿಂದಕ್ಕೆ ನಡೆಯೋದಿರ್ಲಿ, ಮುಂದಕ್ಕೂ ನಡೀತಿರ್ಲಿಲ್ಲ. ಮಕ್ಕಳೇ, ಸೆಖೆ ಅಂತ ಅದನ್ನ ಬಿಚ್ಚಿಡೋರಿದ್ರೆ ನನ್ನ ಹತ್ರ ಬರ್ಬೇಡಿ.

ಬಗ್ಗಿ ನೋಡಿದೆ. ಒಳಗೆ ಮರ ಇಲ್ಲ. ಬೂದಿ ಬಣ್ಣದ ಸಿಮೆಂಟು, ನಡುವೆ ಕೆಂಪಗೆ ಇಟ್ಟಿಗೆ.

ಯಾವ ಕಾಲದಲ್ಲೋ ಪೊಳ್ಳು ಮರಕ್ಕೆ ಇಟ್ಟಿಗೆ ಸಿಮೆಂಟ್ ತುಂಬಿದಾರೆ. ಮೇಲೆ ಮರ ತನ್ನ ಸಿಪ್ಪೆ ಎಳ್ಕೊಂಡು ಗಾಯ ಮುಚ್ಚಿಬಿಟ್ಟಿದೆ. ನನಗೆ ಟಣ್ ಅಂದಿದ್ದು ಮರ ಅಲ್ಲ, ಗೋಡೆ!

'ಯಾವ ಮುಟ್ಠಾಳ ತುಂಬಿದ್ದು ಇದನ್ನ?' ಅಂತ ಕಿರುಚಿದೆ. ಜಯಣ್ಣ, 'ಅವನ ಕೈಗೆ ಲಕ್ವಾ ಹೊಡೀಲಿ' ಅಂದ. ಎಲ್ಲರಿಗಿಂತ ಜೋರಾಗಿ ಪಾಪಮ್ಮ. ಕನ್ನಡ ಸಾಲದೆ ತಮಿಳಿಗೆ ಹೋಗಿ, ಅದೂ ಸಾಲದೆ ಮತ್ತೆ ಕನ್ನಡಕ್ಕೆ ಬಂದು, 'ಆ ಮುಂಡೇದಕ್ಕೆ ಬೇರೆ ಕೆಲಸ ಇರ್ಲಿಲ್ವಾ! ಅವನ ಮನೆ ಹಾಳಾಗ!' ಅಂತ ಶಪಿಸಿದ್ಲು.

ನಗಬೇಡಿ, ಆಗ ಯಾರಿಗೂ ನಗು ಇರ್ಲಿಲ್ಲ. ಅರ್ಧ ಬಾಯಿ ತೆಗೆದ ಸತ್ತ ಮರ. ಹೊರಗೆ ನಾಲ್ಕು ಬೆರಳು ಸಿಪ್ಪೆ, ಒಳಗೆ ಗೋಡೆ. ಯಾವ ಕಡೆ ಬೇಕಾದ್ರೂ ಹೋಗ್ಬಹುದು. ಮಧ್ಯಾಹ್ನದ ಗಾಳಿ ಎದ್ದರೆ ತಳ್ಳೋದು ಸೀದಾ ಕ್ಯಾಂಟೀನ್ ಕಡೆಗೆ. ಆರ್ಮುಗಣ್ಣನಿಗೆ ಫೋನ್ ಮಾಡಿದೆ. ಹಿಂದೆ ಮಗು ಅಳೋ ಸದ್ದು, ಜನರ ಗಲಾಟೆ.

'ಮೆಶಿನ್ ಕೆಳಗಿಡು' ಅಂದ್ರು. 'ಇಟ್ಟಾ? ಟೀ ಕುಡಿ. ಮರಕ್ಕೆ ಬೆನ್ನು ಮಾಡ್ಬೇಡ, ದೂರ ನಿಂತು ಕುಡಿ. ಬರ್ತೀನಿ.'

ಬಂದ್ರು. ಜರಿ ಪಂಚೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಲಾಡು ಪೊಟ್ಟಣ. ಮೊದಲು ಎಲ್ಲರಿಗೂ ಲಾಡು ಹಂಚಿದ್ರು, ಆಮೇಲೆ ಚಪ್ಪಲಿ ಬಿಟ್ರು. ನಾನು ತಟ್ಟಿದ್ದು ಸೊಂಟದ ಎತ್ತರದಲ್ಲಿ. ಅವರು ಉದ್ದ ಬಿದಿರು ತಗೊಂಡು ಕೆಳಗಿಂದ ಮೇಲೆ ತಟ್ಟಿಕೊಂಡು ಹೋದ್ರು. ಟಣ್, ಟಣ್, ಟಣ್, ನನ್ನ ತಲೆಗಿಂತ ಒಂದು ಗೇಣು ಮೇಲೆ ಡಬ್.

'ಅಲ್ಲಿವರೆಗೆ ಗೋಡೆ. ಮೇಲೆ ಪೊಳ್ಳು. ನೀನು ಒಂದೇ ಜಾಗದಲ್ಲಿ ಕೇಳಿದ್ಯಪ್ಪ. ಒಬ್ಬನ ಮಾತು ಕೇಳಿ ಪಂಚಾಯ್ತಿ ಮಾಡ್ದಂಗೆ.'

ಬೈದಿದ್ದು ಅಷ್ಟೇ. ಅಷ್ಟಕ್ಕೇ ನನಗೆ ಕಣ್ಣಲ್ಲಿ ನೀರು ಬಂತು.

ಒಣಮರ ಹತ್ತೋಂಗಿಲ್ಲ. ಮರಳು ತುಂಬಿದ ಸಣ್ಣ ಚೀಲಕ್ಕೆ ದಾರ ಕಟ್ಟಿ ಕವಲಿಗೆ ಎಸೆದು, ದಾರದ ಹಿಂದೆ ದಪ್ಪ ಹಗ್ಗ ಎಳೆದ್ವಿ. ತುದಿಗೆ ಕಟ್ಟಿದ್ರೆ ತುದಿ ಮುರಿದು ಬರುತ್ತೆ ಅಂತ ಕವಲಿನ ಕೆಳಗೇ ಜಾರುಗಂಟು ಬಿಗಿದ್ವಿ. ಖಾಲಿ ಜಾಗದ ಆಚೆ ತುದಿಯಲ್ಲಿ ಒಂದು ಹಸಿ ಬೇವಿನ ಮರ ಇತ್ತು. ಅದರ ಬುಡಕ್ಕೆ ರಾಟೆ ಕಟ್ಟಿ, ಹಗ್ಗ ತಿರುಗಿಸಿ, ಟ್ರ್ಯಾಕ್ಟರ್ ಪಕ್ಕಕ್ಕೆ ನಿಲ್ಲಿಸಿದ್ವಿ. ಮರ ಬೀಳೋ ದಾರಿಯಲ್ಲಿ ಎಳೆಯೋರು ಇರಬಾರ್ದು. ಹಗ್ಗ ಬಿಗಿಯಾದ ಮೇಲೇ ನನ್ನನ್ನ ಹತ್ರ ಬಿಟ್ರು.

ಹೊಸ ಚೈನ್ ಹಾಕಿದೆ. ಆರ್ಮುಗಣ್ಣ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಮೆಶಿನ್ನಿನ ಪಟ್ಟಿ, ಅಂದ್ರೆ ಚೈನ್ ಸುತ್ತೋ ಉದ್ದ ಅಲಗು, ಅದರ ತುದಿಯಿಂದ ನಾಲ್ಕು ಬೆರಳು ಅಳೆದು, ಬಿಳಿ ಗೆರೆ ಎಳೆದ್ರು. 'ಈ ಗೆರೆ ಮರದೊಳಗೆ ಹೋದ್ರೆ ನೀನು ಹೋದೆ. ಸಿಪ್ಪೆ ಮಾತ್ರ ಕುಯ್ಯಿ. ಪಟ್ಟಿ ತುದಿಯ ಮೇಲಂಚು ತಗಲಿಸ್ಬೇಡ, ಮುಖಕ್ಕೆ ಹಾರುತ್ತೆ. ಎಡಕ್ಕೂ ಬಲಕ್ಕೂ ಎರಡು ಕೀಲು ಬಿಡು. ಗೋಡೇನ ಹಗ್ಗ ನೋಡ್ಕೊಳ್ಳುತ್ತೆ.'

'ನೀವೇ ಕುಯ್ಯಿರಣ್ಣ.'

'ಪಾಪಮ್ಮನಿಗೆ ಮಾತು ಕೊಟ್ಟೋನು ಯಾರು, ನಾನಾ?'

ಹಿಂದಕ್ಕೆ ಹೋಗೋ ದಾರಿಯನ್ನ ನಾನೇ ಗುಡಿಸಿದೆ, ಒಂದು ಕಡ್ಡಿ ಬಿಡದೆ. ಆಮೇಲೆ ಕುಯ್ದೆ. ಗೆರೆ ನೋಡೋದು, ಮೇಲೆ ನೋಡೋದು, ಗೆರೆ ನೋಡೋದು, ಮೇಲೆ ನೋಡೋದು. ಬೆವರು ಕಣ್ಣಿಗಿಳೀತಿತ್ತು. ಮುಂದೆ ಮುಗೀತು, ಹಿಂದೆ ಮುಗೀತು. ಮೆಶಿನ್ ಆಫ್ ಮಾಡಿ ಕೈ ಎತ್ತಿದೆ. ಟ್ರ್ಯಾಕ್ಟರ್ ಮೆಲ್ಲಗೆ ಎಳೀತು. ಮೊದಲು ಏನೂ ಇಲ್ಲ. ಆಮೇಲೆ ಒಳಗೆ ಇಟ್ಟಿಗೆ ಬಿಟ್ಟುಕೊಳ್ಳೋ ಕಟ ಕಟ ಸದ್ದು. ನಾನು ಕಣ್ಣು ಮೇಲಿಟ್ಟು, ಓರೆಯಾಗಿ ಹಿಂದಕ್ಕೆ, ಒಂದು, ಎರಡು, ಮೂರು. ಎಂಟನೇ ಹೆಜ್ಜೆಗೆ ನನ್ನ ತೊಡೆ ದಪ್ಪದ ಒಣಕೊಂಬೆ ಬಂದು, ನಾನು ನಿಂತಿದ್ದ ಜಾಗದಲ್ಲೇ ನೆಟ್ಟಗೆ ನೆಲಕ್ಕೆ ಇಳೀತು. ಹದಿನೈದನೇ ಹೆಜ್ಜೆಗೆ ಮರ ಖಾಲಿ ಜಾಗದಲ್ಲಿ ಉದ್ದಕ್ಕೆ ಮಲಗಿತು. ಧೂಳು ಮೇಲೆದ್ದು ಯಾರಿಗೂ ಏನೂ ಕಾಣ್ಲಿಲ್ಲ.

ಧೂಳಿನೊಳಗೇ ಪಾಪಮ್ಮ ಓಡಿದ್ಲು. ಪಾತ್ರೆಗಳ ಸದ್ದು ಕೇಳಿಸ್ತು. ಆಮೇಲೆ ಅವಳ ಗಂಟಲು ಇಡೀ ಕ್ವಾರ್ಟರ್ಸಿಗೆ ಕೇಳೋ ಹಾಗೆ ಬಂತು. 'ಒಂದು ಲೋಟ ಅಲ್ಲಾಡಿಲ್ಲ ಕಣೋ ರಂಗಣ್ಣಾ!'

ಜನ ಶಿಳ್ಳೆ ಹೊಡೆದ್ರು. ಜಯಣ್ಣ ನನ್ನನ್ನ ತಬ್ಬಿಕೊಂಡ. ಆರ್ಮುಗಣ್ಣ ಜರಿ ಪಂಚೆ ಎತ್ತಿ ಕಟ್ಟಿ ಎರಡು ಹೆಜ್ಜೆ ಕುಣಿದೇಬಿಟ್ರು. ನನಗೆ ಅಷ್ಟು ಸಂತೋಷ ನನ್ನ ಮದುವೆ ದಿನವೂ ಆಗಿರ್ಲಿಲ್ಲ, ಲಲಿತ ಇದನ್ನ ಓದಿದ್ರೂ ಪರವಾಗಿಲ್ಲ.

ಬುಡದ ಹತ್ರ ಹೋಗಿ ನೋಡಿದ್ವಿ. ಸಿಪ್ಪೆ ಸೀಳಿ ಹೋಗಿ ಸಿಮೆಂಟಿನ ಹೊರಮೈ ಬಯಲಾಗಿತ್ತು, ಒಂದು ಮಣೆಯಷ್ಟಗಲ. ಕ್ಯಾಂಟೀನ್ ಕಡೆಗಿದ್ದ ಮೈ ಅದು. ಅದರ ಮೇಲೆ, ಹಸಿ ಇದ್ದಾಗ ಬೆರಳಲ್ಲಿ ಗೀಚಿದ ಅಕ್ಷರ. ಪಾಪಮ್ಮ ಬಗ್ಗಿ ಸೆರಗಿನಿಂದ ಧೂಳು ಒರೆಸಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದ್ಲು.

'ರಂ... ಗ. ಮ... ಣಿ.'

ನನ್ನ ನೆತ್ತಿಗೆ ತಣ್ಣೀರು ಸುರಿದಂಗಾಯ್ತು. ನಾವು ತೋಟದ ಕೂಲಿಗಳಾಗಿದ್ದಾಗ ಒಂದು ಬೇಸಿಗೆ ಪೂರ್ತಿ ಸಾಹೇಬ್ರ ಆರ್ಡರು, ಪೊಳ್ಳು ಮರಕ್ಕೆಲ್ಲ ಇಟ್ಟಿಗೆ ಸಿಮೆಂಟ್ ತುಂಬಿ ಅಂತ. ಮಣಿ ಗಾರೆ ಕಲಸೋದು, ನಾನು ಇಟ್ಟಿಗೆ ಕೊಡೋದು. ಹತ್ತಾರು ಮರ ತುಂಬಿದ್ವಿ. ಆಗ ಅಲ್ಲಿ ಕ್ಯಾಂಟೀನೂ ಇಲ್ಲ, ಪಾಪಮ್ಮನೂ ಇಲ್ಲ. ಯಾವ ಮರ, ಯಾವ ರಸ್ತೆ, ಒಂದೂ ನನ್ನ ನೆನಪಲ್ಲಿ ಉಳಿದಿರ್ಲಿಲ್ಲ. ಅವನಿಗೆ ನೆನಪಿತ್ತೇನೋ. ಅದಕ್ಕೇ ಈ ಮರದ ಬುಡವನ್ನೇ ಆರಿಸಿದನೇನೋ. ಕೇಳೋಣ ಅಂದ್ರೆ ಅವನಿಲ್ಲ.

'ಮುಟ್ಠಾಳ ಸಿಕ್ಕಿದ' ಅಂತ ಜಯಣ್ಣ ನನ್ನನ್ನ ನೋಡಿದ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಪಾಪಮ್ಮ ನಗ್ಲಿಲ್ಲ. ಮಣಿ ಅಂತ ಬರೆದಿದ್ದ ಜಾಗದಲ್ಲಿ ಅವನ ಬೆರಳಿನ ಗುಣಿಯೊಳಗೆ ತನ್ನ ಬೆರಳಿಟ್ಟು ಕೂತಿದ್ಲು.

'ಎಂಟು ವರ್ಷ ನನ್ನ ಬೆನ್ನ ಹಿಂದೇನೇ ನಿಂತಿದ್ದನಾ ಇವನು' ಅಂದ್ಲು. ಆಮೇಲೆ ಒಮ್ಮೆಲೇ, 'ಅಯ್ಯಯ್ಯೋ, ನಾನು ಬೈದಿದ್ದು ಇವನನ್ನೇನಾ! ಮನೆ ಹಾಳಾಗ ಅಂದೆನಲ್ಲೋ, ಅದು ನನ್ನ ಮನೇನೇ ಅಲ್ವಾ!' ಅಂತ ನಗೋಕೆ ಶುರು ಮಾಡಿದ್ಲು. ನಗ್ತಾ ಅತ್ತಳು, ಅಳ್ತಾ ನಕ್ಕಳು, ಅವತ್ತು ಎಲ್ಲರಿಗೂ ಅವಳೇ ಚಿತ್ರಾನ್ನ ಬಡಿಸಿದ್ಲು.

ಅಕ್ಷರ ಇದ್ದ ಆ ಸಿಮೆಂಟ್ ತುಂಡನ್ನ ನಾನೂ ಆರ್ಮುಗಣ್ಣನೂ ಸೇರಿ ಬುಡದಿಂದ ಬಿಡಿಸಿ ತಂದು ಕ್ಯಾಂಟೀನ್ ಒಳಗೆ ಅವಳ ಒಲೆ ಪಕ್ಕ ನಿಲ್ಲಿಸಿದ್ವಿ. ಈಗ ನಾನು ರಿಟೈರು. ಭದ್ರಾವತಿ ಕಡೆ ಹೋದ್ರೆ ಇಡ್ಲಿ ಅಲ್ಲೇ. ನನ್ನ ಹತ್ರ ಕಲಿಯೋಕೆ ಬಂದೋರನ್ನೂ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಮರ ತಟ್ಟೋದು ಹೇಗೆ ಅಂತ ಆ ತುಂಡಿನ ಮೇಲೇ ತೋರಿಸ್ತೀನಿ. ಮೊನ್ನೆ ಆ ಹಪ್ಪಳ ಮುರಿದೋನೂ ಬಂದಿದ್ದ. ತಟ್ಟಿ, ಕಿವಿಯಿಟ್ಟು, 'ತುಂಬಾ ಗಟ್ಟಿ ಇದೆ ಸಾರ್' ಅಂದ.

ಪಾಪಮ್ಮ ಇಡ್ಲಿ ತಟ್ಟೆ ಇಳಿಸ್ತಾ ತಿರುಗಿಯೂ ನೋಡ್ಲಿಲ್ಲ. 'ಇರದೆ ಏನು? ಇಬ್ಬರು ಗಂಡಸರ ತಲೆ ಅಲ್ವಾ ಅದು' ಅಂದ್ಲು.